ಒಬ್ಬಳೇ ನೀರುಗಂಟಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಹೇಳುವುದು ಸಲೀಸು. ಮಧುಗಿರಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ವರ್ಷಾನುಗಟ್ಟಲೆ ಅದೇ ಪಾಠ, ಅದೇ ಬೋರ್ಡು. ಯಾರಾದರೂ ಪಾಠದ ನಡುವೆ ಎದ್ದು ಅಡ್ಡಪ್ರಶ್ನೆ ಕೇಳಿದರೆ ನನ್ನ ತಲೆ ಬಿಸಿಯಾಗುತ್ತದೆ. ಒಳ್ಳೆಯ ಮೇಡಂ ಅನ್ನುವವರೂ ಇದ್ದಾರೆ, ಬೆನ್ನ ಹಿಂದೆ ಏನನ್ನುತ್ತಾರೋ ದೇವರಿಗೇ ಗೊತ್ತು.

ಆ ದಿನ ಸಿಂಗಲ್‌ಟನ್ ಪಾಠ. ಪ್ರೋಗ್ರಾಮಿನಲ್ಲಿ ಕ್ಲಾಸ್ ಅಂದರೆ ಇಟ್ಟಿಗೆಯ ಅಚ್ಚು ಅಂದುಕೊಳ್ಳಿ. ಅದರಿಂದ ಎಷ್ಟು ಬೇಕಾದರೂ ಆಬ್ಜೆಕ್ಟ್, ಅಂದರೆ ಇಟ್ಟಿಗೆ, ತೆಗೆಯಬಹುದು. ಆದರೆ ಕೆಲವು ಕೆಲಸಗಳಿಗೆ ಇಡೀ ಪ್ರೋಗ್ರಾಮಿಗೆ ಒಂದೇ ಒಂದು ಆಬ್ಜೆಕ್ಟ್ ಇರಬೇಕು, ಎರಡನೆಯದು ಹುಟ್ಟಲೇಬಾರದು. ಅದಕ್ಕಾಗಿ ಅಚ್ಚನ್ನು ಒಳಗೇ ಮುಚ್ಚಿಟ್ಟು, ಹೊರಗಿನವರು ಬಂದು ಕೇಳುವುದಕ್ಕೆ ಒಂದೇ ಬಾಗಿಲು ಇಡುತ್ತೇವೆ. ಯಾರಾದರೂ ಬಂದು ಕೇಳಿದಾಗ 'ಈಗಾಗಲೇ ಒಂದು ಇದೆಯೇ?' ಎಂದು ನೋಡುವುದು. ಇಲ್ಲದಿದ್ದರೆ ಮಾಡಿ ಕೊಡುವುದು, ಇದ್ದರೆ ಇರುವುದನ್ನೇ ಕೊಡುವುದು. ಬೋರ್ಡಿನ ಮೇಲೆ ಹತ್ತು ಸಾಲು ಕೂಡ ಆಗಲಿಲ್ಲ.

ಮೂರನೇ ಬೆಂಚಿನಲ್ಲಿ ಪಾವಗಡ ತಾಲ್ಲೂಕಿನ ಬಲಸಮುದ್ರದ ಕಡೆಯ ಒಬ್ಬ ಹುಡುಗಿ ಎದ್ದು ನಿಂತಳು. ಮಾತಿನಲ್ಲಿ ತೆಲುಗು ಬೆರೆಸುವವಳು. "ಮೇಡಂ, ಇಬ್ರು ಒಂದೇ ಟೈಮಿಗೆ ಬಂದು ಕೇಳಿದ್ರೆ? ಇಬ್ರಿಗೂ ಇನ್ನೂ ಇಲ್ಲ ಅಂತಾನೇ ಕಾಣ್ಸುತ್ತೆ ಕದಾ?" ಅಂದಳು.

"ಮೊದ್ಲು ಬೋರ್ಡ್ ಮೇಲಿರೋದನ್ನ ಸರಿಯಾಗಿ ಬರ್ಕೊ. ಪರೀಕ್ಷೆಗೆ ಅದು ಬರಲ್ಲ," ಅಂದೆ. ಅವಳು ಕೂತಳು, ಕ್ಲಾಸು ನಕ್ಕಿತು. ನನಗೂ ಗೆದ್ದಷ್ಟು ಖುಷಿ. ಥೂ, ಈಗ ನೆನೆದರೆ ನಾಚಿಕೆಯಾಗುತ್ತದೆ.

ನನ್ನ ಗಂಡನ ಊರು ಪುರವರದ ಹತ್ತಿರ. ಆ ವರ್ಷ ಮಳೆ ಚೆನ್ನಾಗಿ ಹೊಡೆದು ಊರಿನ ಕೆರೆ ತುಂಬಿತ್ತು. ಎಷ್ಟೋ ವರ್ಷಗಳ ಮೇಲೆ ಕೆರೆಯ ಕೆಳಗಿನ ಗದ್ದೆಗಳಲ್ಲಿ ಭತ್ತ ನಾಟಿಯಾಗಿತ್ತು. ಕೆರೆ ಸಮಿತಿಯ ಅಧ್ಯಕ್ಷರು ನನ್ನ ಭಾವ, ಗಂಡನ ಅಣ್ಣ. ಒಂದು ಭಾನುವಾರ ನಮ್ಮ ಮನೆಗೆ ಬಂದು, ಕಾಫಿ ಲೋಟ ಕೈಯಲ್ಲಿ ಹಿಡಿದು ಪೀಠಿಕೆ ಹಾಕಿದರು.

"ನೋಡಮ್ಮ, ಗದ್ದೆಯೋರು ಅರ್ಧ ಜನ ಊರಾಗಿಲ್ಲ. ಒಬ್ರು ಶಿರಾದಲ್ಲವ್ರೆ, ಒಬ್ರು ಕೊರಟಗೆರೇಲವ್ರೆ. ನೀರು ಕೇಳಕ್ಕೆ ಏರಿ ತಂಕ ಬರ್ಬೇಕು ಅಂದ್ರೆ ಗೊಣಗ್ತಾರೆ. ನೀನು ಇಷ್ಟ್ ಓದ್ಕಂಡಿದೀಯ, ಫೋನ್‌ನಾಗೇ ಸರದಿ ಹಾಕಂಗೆ ಏನಾರ ಮಾಡ್ಕೊಡು."

ನನಗೆ ಎರಡು ಕೊಂಬು ಬಂದವು. ಅಲ್ಲಿಯ ತನಕ ನಾನು ಬರೆದ ಪ್ರೋಗ್ರಾಮುಗಳು ಯಾವುವೂ ಲ್ಯಾಬಿನ ಹೊಸ್ತಿಲು ದಾಟಿರಲಿಲ್ಲ. ಇದು ನಿಜವಾದ ನೀರು, ನಿಜವಾದ ಗದ್ದೆ.

ಕೆಲಸ ಶುರು ಮಾಡುವ ಮೊದಲು ಈಗಿನ ಪದ್ಧತಿ ನೋಡಿಕೊಂಡು ಬರಲು ಕೆರೆ ಏರಿಗೆ ಹೋದೆ. ನೀರು ಬಿಡುವುದು ನೀರುಗಂಟಿಯ ಕೆಲಸ. ನಮ್ಮೂರ ನೀರುಗಂಟಿ ಒಬ್ಬ ಅಜ್ಜಿ. ಗಂಡ ಸತ್ತ ಮೇಲೆ ಆ ಕೆಲಸ ಅವಳಿಗೆ ಬಂದಿತ್ತು. ತೂಬಿನ ಗೇಟನ್ನು ತಿರುಗಿಸುವ ಕಬ್ಬಿಣದ ಹಿಡಿ ಅವಳ ಮನೆಯ ಅಟ್ಟದ ಮೇಲೆಯೇ ಇರುತ್ತಿತ್ತು. ಅವಳನ್ನು ಬಿಟ್ಟು ಊರಿನಲ್ಲಿ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಏರಿಯ ಒಳಮೈಯಲ್ಲಿ ನಾಲ್ಕು ಮೆಟ್ಟಿಲು ಇಳಿದರೆ ತೂಬಿನ ಪಕ್ಕ ಒಂದು ಚಪ್ಪಟೆ ಕಲ್ಲು. ಅದಕ್ಕೆ ಕೇಳೋ ಕಲ್ಲು ಅನ್ನುತ್ತಾರೆ. ನೀರು ಬೇಕಾದವರು ಅದರ ಮೇಲೆ ನಿಂತು ಕೇಳಬೇಕು. ಒಬ್ಬರಿಗಷ್ಟೇ ಜಾಗ. ಎರಡನೆಯವರು, ಅವರು ಯಾರೇ ಆಗಿರಲಿ, ಮೊದಲನೆಯವರು ಹತ್ತಿ ಬರುವ ತನಕ ಏರಿಯ ಮೇಲೆಯೇ ಕಾಯಬೇಕು. ಇದನ್ನು ನೋಡಿ ನಾನು ಒಳಗೊಳಗೇ ನಕ್ಕೆ. ಎಂಥ ಕಾಲದಲ್ಲಿದ್ದಾರೆ ಇವರು ಅಂದುಕೊಂಡೆ.

ಇನ್ನೊಂದು ಸಂಗತಿಯಂತೂ ನನ್ನ ಸಿಟ್ಟು ನೆತ್ತಿಗೇರಿಸಿತು. ನೀರುಗಂಟಿಗೆ ಊರು ಬಿಟ್ಟುಕೊಟ್ಟ ಗದ್ದೆ ಕಾಲುವೆಯ ಕಟ್ಟಕಡೆಯಲ್ಲಿದೆ. ಎಲ್ಲರ ಗದ್ದೆ ನೆನೆದು ಉಳಿದ ನೀರಷ್ಟೇ ಅದಕ್ಕೆ. ಅಜ್ಜಿಗಿದ್ದದ್ದು ಅದೊಂದೇ ಗದ್ದೆ, ವರ್ಷದ ಅನ್ನ ಅದರಲ್ಲೇ ಆಗಬೇಕು. "ಇದೇನು ಭಾವ, ನೀರು ಬಿಡೋಳಿಗೇ ಕೊನೇ ನೀರಾ? ಅನ್ಯಾಯ ಅಲ್ವಾ?" ಎಂದು ಜಗಳಕ್ಕೇ ನಿಂತೆ. ಅವರು, "ಮೊದ್ಲಿಂದ ಅಂಗೇ ಕಣಮ್ಮ," ಅಂದರು. ನನ್ನ ಪ್ರೋಗ್ರಾಮಿನಲ್ಲಿ ಅಜ್ಜಿಗೂ ಎಲ್ಲರ ಹಾಗೆ ಸರದಿ ಎಂದು ಅಲ್ಲೇ ತೀರ್ಮಾನ ಮಾಡಿದೆ. ಸರದಿ ಹಾಕಲು ಅಜ್ಜಿಯ ಹತ್ತಿರ ಅಂಥ ಫೋನೇ ಇಲ್ಲ ಅನ್ನುವುದು ಆಗ ನನಗೆ ಹೊಳೆಯಲಿಲ್ಲ ನೋಡಿ.

ಹದಿನೈದು ದಿನದಲ್ಲಿ ಬರೆದು ಮುಗಿಸಿದೆ. ನಡುಮಧ್ಯೆ ಒಂದು ಕ್ಲಾಸ್, ಸರದಿ ನೋಡಿಕೊಳ್ಳುವುದು. ಕೆರೆ ಒಂದು, ತೂಬು ಒಂದು, ಸರದಿಯೂ ಒಂದೇ ಇರಬೇಕಲ್ಲ? ಸಿಂಗಲ್‌ಟನ್ನೇ ಸರಿ. ಬೋರ್ಡಿನ ಮೇಲೆ ಬರೆದದ್ದನ್ನೇ ತಂದು ಇಳಿಸಿದೆ. ಅದು ಬೆಳಿಗ್ಗೆ ಮೊದಲ ಸಲ ಯಾರಾದರೂ ಕೇಳಿದಾಗ ಹುಟ್ಟುತ್ತದೆ, ಹುಟ್ಟುವಾಗ ಗದ್ದೆಯವರ ಪಟ್ಟಿಯನ್ನೆಲ್ಲ ಓದಿಕೊಳ್ಳುತ್ತದೆ, ಅದಕ್ಕೆ ಎರಡು ಮೂರು ಸೆಕೆಂಡು ಹಿಡಿಯುತ್ತದೆ. ಎರಡು ಸೆಕೆಂಡಿನಲ್ಲಿ ಏನು ಕೊಳ್ಳೆ ಹೋಗುತ್ತದೆ ಅಂದುಕೊಂಡೆ.

ಸಮಿತಿಯವರಿಗೆ ಭಾರಿ ಖುಷಿಯಾಯಿತು. ಹಿಡಿಯನ್ನು ಅಜ್ಜಿಯ ಮನೆಯಿಂದ ತಂದು ಹಾಲಿನ ಡೇರಿಯ ಗೋಡೆಗೆ ತೂಗುಹಾಕಿದರು. ಯಾರ ಫೋನಿನಲ್ಲಿ 'ಒಂದು' ಎಂದು ಬರುತ್ತದೋ ಅವರೇ ಹಿಡಿ ತೆಗೆದುಕೊಂಡು ಹೋಗಿ ನೀರು ತಿರುಗಿಸಿಕೊಳ್ಳುವುದು ಎಂದು ನಿಶ್ಚಯವಾಯಿತು. ಅಜ್ಜಿಗೆ, "ವಯಸ್ಸಾಯ್ತು, ಇನ್ನ ಆರಾಮಾಗಿ ಕುತ್ಕೊ," ಅಂದರು. ಅಜ್ಜಿ ನನ್ನ ಮುಖವನ್ನೊಮ್ಮೆ ನೋಡಿ, "ಆಗ್ಲಿ ಬುಡಿ," ಅಂದಳು. ಅವಳಿಗೆ ಉಪಕಾರ ಮಾಡಿದೆ ಅಂತಲೇ ನಾನು ತಿಳಿದಿದ್ದೆ.

ಮೊದಲ ಸುತ್ತುಗಳು ತೊಂದರೆಯಿಲ್ಲದೆ ಮುಗಿದವು. ಆಮೇಲೆ ಭತ್ತ ಹಾಲುಗಟ್ಟುವ ಹೊತ್ತು, ಕೊನೆಯ ನೀರಿನ ಸುತ್ತು ಬಂತು. ಬೆಳಿಗ್ಗೆ ಆರಕ್ಕೆ ಸರದಿ ತೆರೆಯುತ್ತದೆ ಎಂದು ಎಲ್ಲರಿಗೂ ಸಂದೇಶ ಹೋಗಿತ್ತು. ಆರು ಗಂಟೆಗೆ ಸರಿಯಾಗಿ, ಕಡಲೆಕಾಯಿ ವ್ಯಾಪಾರದ ಶಿರಾದ ಸಾಹೇಬರು ತಮ್ಮ ಮನೆಯಲ್ಲಿ ಬಟನ್ ಒತ್ತಿದರು. ಅದೇ ಗಳಿಗೆಯಲ್ಲಿ ಕೊರಟಗೆರೆಯಲ್ಲಿ ಒಬ್ಬ ಸ್ಕೂಲ್ ಮೇಷ್ಟ್ರೂ ಒತ್ತಿದರು. ಇಬ್ಬರಿಗೂ ಸಂದೇಶ ಬಂತು: ನಿಮ್ಮ ಸರದಿ ಒಂದು.

ಮೇಷ್ಟ್ರು ಮೊದಲು ಬಂದು, ಗೇಟು ತೆರೆದು, ಎಡಗಾಲುವೆಗೆ ನೀರು ತಿರುಗಿಸಿ, ಹಿಡಿಯನ್ನು ಡೇರಿಗೆ ವಾಪಸು ಕೊಟ್ಟು ಸ್ಕೂಲಿಗೆ ಹೋದರು. ಒಂದು ಗಂಟೆಯಾದ ಮೇಲೆ ಸಾಹೇಬರು ಬಂದರು. ಗೇಟು ಆಗಲೇ ತೆರೆದಿತ್ತು. ತಮಗಾಗಿಯೇ ಯಾರೋ ತೆರೆದಿದ್ದಾರೆ ಎಂದು ತಿಳಿದು, ಕಾಲುವೆ ಕವಲೊಡೆಯುವ ಕಡೆ ಕಟ್ಟಿದ್ದ ಮಣ್ಣನ್ನು ಕೆತ್ತಿ, ಬಲಗಾಲುವೆಗೂ ನೀರು ಎಳೆದುಕೊಂಡು ಕಡಲೆಕಾಯಿ ಮಂಡಿಗೆ ಹೊರಟುಹೋದರು. ನೀರು ಎರಡಾಗಿ ಒಡೆಯಿತು. ಹಿಂದಿನ ಸುತ್ತಿನ ಮೇಲೆ ಒಣಗಿ ಬಿರುಕುಬಿಟ್ಟಿದ್ದ ಕಾಲುವೆಗಳು ದಾರಿಯುದ್ದಕ್ಕೂ ಕುಡಿದವು. ಯಾರ ಗದ್ದೆಗೂ ನೆಟ್ಟಗೆ ನೀರು ಮುಟ್ಟಲಿಲ್ಲ.

ಅಜ್ಜಿ ನೋಡಿದಳಂತೆ. ಡೇರಿಗೆ ಓಡಿಹೋಗಿ, "ಎರಡು ಕಡೆ ಹೋಯ್ತಾ ಐತೆ, ಹಿಡಿ ಕೊಡ್ರಪ್ಪ," ಅಂದಳಂತೆ. ಡೇರಿಯವನು, "ಫೋನ್‌ನಾಗೆ ಒಂದು ಅಂತ ಬಂದೈತೆ ಕಣಜ್ಜಿ, ನಾವೇನ್ ಮಾಡನ," ಅಂದನಂತೆ. ನನ್ನ ಭಾವ ಯಾವುದೋ ಕೆಲಸಕ್ಕೆ ಹೋದವರು ಮರುದಿನ ಮಧ್ಯಾಹ್ನ ಬಂದ ಮೇಲೆಯೇ ಗೇಟು ಮುಚ್ಚಿದ್ದು.

"ಏನಮ್ಮಾ ಇದು, ಇಬ್ರಿಗೂ ಒಂದ್ನೇ ನಂಬ್ರ ಕೊಟ್ಟೈತಲ್ಲ ನಿನ್ ಮಿಶಿನ್ನು!" ಎಂದು ಭಾವ ಫೋನಿನಲ್ಲಿ ಕೂಗಿದರು. ಸ್ಕೂಟರ್ ಹತ್ತಿ ಏರಿಗೆ ಹೋದೆ. ದಾರಿಯುದ್ದಕ್ಕೂ ನನಗೆ ಆ ಇಬ್ಬರ ಮೇಲೆಯೇ ಸಿಟ್ಟು. ಸರಿಯಾಗಿ ಓದಿಕೊಂಡಿರುವುದಿಲ್ಲ, ಇಬ್ಬರಿಗೂ ಒಂದು ಬರಲು ಸಾಧ್ಯವೇ ಇಲ್ಲ ಅಂದುಕೊಂಡೆ.

ಸಾಹೇಬರು ಫೋನನ್ನು ನನ್ನ ಮುಂದೆ ಹಿಡಿದರು. "ಅರೆ ಮೇಡಂ, ಜರಾ ನೋಡಿ. ಒಂದು ಅಂದ್ರೆ ಒಂದೇ ಅಲ್ವಾ?" ಮೇಷ್ಟ್ರೂ ಹಿಡಿದರು. ಅವರ ಮುಖದಲ್ಲಿ ಪರೀಕ್ಷೆಯ ಪೇಪರು ತಿದ್ದುವ ಗತ್ತು. ಎರಡರಲ್ಲೂ ಒಂದು. ಲ್ಯಾಪ್‌ಟಾಪ್ ತೆಗೆದು ಸರದಿಯ ಪಟ್ಟಿ ನೋಡಿದೆ. ಒಂದನೆಯ ಸರದಿಗೆ ಮೇಷ್ಟ್ರು ಮಾತ್ರ ಇದ್ದರು. ಸಾಹೇಬರ ಹೆಸರೇ ಇಲ್ಲ!

ಏರಿಯ ಮೇಲಿನ ಹೊಂಗೆ ನೆರಳಲ್ಲಿ ಕೂತು ನನ್ನ ಹತ್ತು ಸಾಲುಗಳನ್ನು ಓದಿದೆ. ಇದೆಯೇ ಎಂದು ನೋಡು; ಇಲ್ಲದಿದ್ದರೆ ಮಾಡು. ಎಲ್ಲ ಸರಿಯಾಗಿಯೇ ಇತ್ತು. ಮತ್ತೆ ಓದಿದೆ. ಮೂರನೆಯ ಸಲ ಓದುವಾಗ ಕಿವಿಯಲ್ಲಿ ಆ ಬಲಸಮುದ್ರದ ಹುಡುಗಿಯ ದನಿ ಕೇಳಿಸಿತು. ಇಬ್ರಿಗೂ ಇನ್ನೂ ಇಲ್ಲ ಅಂತಾನೇ ಕಾಣ್ಸುತ್ತೆ ಕದಾ?

ಅಯ್ಯೋ ದೇವರೇ. ಹಾಗೇ ಆಗಿತ್ತು. ಸಾಹೇಬರ ಕೋರಿಕೆ ಬಂದು 'ಇದೆಯೇ' ಎಂದು ನೋಡಿತು, ಇರಲಿಲ್ಲ. ಮಾಡಲು ಶುರುವಾಯಿತು. ಗದ್ದೆಯವರ ಪಟ್ಟಿ ಓದುವ ಆ ಎರಡು ಸೆಕೆಂಡಿನೊಳಗೆ ಮೇಷ್ಟ್ರ ಕೋರಿಕೆಯೂ ಬಂದು ನೋಡಿತು, ಆಗಲೂ ಇರಲಿಲ್ಲ. ಅದೂ ಇನ್ನೊಂದನ್ನು ಮಾಡಿತು. ಒಂದೇ ಇರಬೇಕಾದದ್ದು ಎರಡಾಗಿ ಹುಟ್ಟಿ, ತಂತಮ್ಮ ಸರದಿಯಲ್ಲಿ ತಂತಮ್ಮವರನ್ನು ಒಂದನೆಯವರು ಎಂದು ಬರೆದುಕೊಂಡವು. ಆಮೇಲೆ ಎರಡನೆಯದು ಮೊದಲನೆಯದರ ಜಾಗದಲ್ಲಿ ಕೂತಿತು. ಮೊದಲನೆಯದು ಸಾಹೇಬರ ಹೆಸರಿನ ಸಮೇತ ಗಾಳಿಗೆ ಹೋಯಿತು. ಯಾರೂ ಸುಳ್ಳು ಹೇಳಿರಲಿಲ್ಲ. ಇಬ್ಬರೂ ನಿಯಮದ ಪ್ರಕಾರವೇ ನಡೆದಿದ್ದರು. ನಾನು ಇಷ್ಟು ವರ್ಷ ಪಾಠ ಮಾಡಿದ ವಿಷಯದೊಳಗೆ ಇಷ್ಟು ಆಳದ ಗುಂಡಿ ಇತ್ತೇ ಅಂದುಕೊಂಡೆ. ಭಯವೋ ಬೆರಗೋ ಹೇಳಲಾರೆ, ಎರಡೂ ಇತ್ತು.

ಅಷ್ಟು ಹೊತ್ತಿಗೆ ಮೇಷ್ಟ್ರಿಗೂ ಸಾಹೇಬರಿಗೂ ಮಾತಿಗೆ ಮಾತು ಬೆಳೆದಿತ್ತು. ಭಾವ ಡೇರಿಯಿಂದ ಹಿಡಿ ತರಿಸಿ ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೂಬಿನ ಹತ್ತಿರ ಇಳಿದು, ಅಲ್ಲಿಂದ ಕೂಗಿದಳು. "ಒಬ್ರು ಇಳೀರಿ."

ಇಬ್ಬರೂ ಒಟ್ಟಿಗೆ ಮೆಟ್ಟಿಲಿಗೆ ಕಾಲಿಟ್ಟರು.

"ಒಬ್ರು ಅಂದೆ."

ಸಾಹೇಬರು ನಿಂತರು. ಮೇಷ್ಟ್ರು ವಯಸ್ಸಿನಲ್ಲಿ ದೊಡ್ಡವರೆಂದೋ ಏನೋ, ಅವರಿಗೆ "ಆಪ್ ಚಲಿಯೇ, ನೀವು ಹೋಗಿ" ಅಂದರು. ಮೇಷ್ಟ್ರು ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ನಿಂತು ತಮ್ಮ ಗದ್ದೆಯ ಕಷ್ಟ ಹೇಳಿಕೊಂಡರು. ಅಜ್ಜಿ ಕೇಳಿದಳು, ಏನೋ ಅಂದಳು, ಅವರು ತಲೆಯಾಡಿಸಿ ಹತ್ತಿ ಬಂದರು. ಆಮೇಲೆ ಸಾಹೇಬರು ಇಳಿದರು. ಅವರು ಇಳಿಯುವ ಹೊತ್ತಿಗೆ ಮೇಷ್ಟ್ರ ಸರದಿ ಆಗಲೇ ಅಜ್ಜಿಯ ತಲೆಯಲ್ಲಿ ಕೂತಾಗಿತ್ತು. ಹಾಗಾಗಿ ಅವರಿಗೆ ಸಿಕ್ಕಿದ್ದು ಎರಡು. ಗಲಾಟೆ ಅಲ್ಲಿಗೆ ಮುಗಿಯಿತು.

ಲ್ಯಾಪ್‌ಟಾಪ್ ತೊಡೆಯ ಮೇಲೆ ತೆರೆದೇ ಇತ್ತು. ಅದರಲ್ಲಿ ನಾನು ಹಾಕದೆ ಬಿಟ್ಟಿದ್ದ ಬೀಗ ಆ ಕಲ್ಲೇ. ಒಬ್ಬರು ಕೇಳಿ, ಉತ್ತರ ಪಡೆದು, ಹೊರಗೆ ಬರುವ ತನಕ ಇನ್ನೊಬ್ಬರು ಒಳಗೆ ಕಾಲಿಡುವಂತಿಲ್ಲ. ಮೂರು ತಿಂಗಳ ಹಿಂದೆ ನಾನು ಇದನ್ನೇ ನೋಡಿ ನಕ್ಕಿದ್ದೆ. ಯಾವ ಪುಣ್ಯಾತ್ಮ ಈ ಕಲ್ಲನ್ನು ಇಲ್ಲಿ ಹಾಕಿದನೋ, ಅವನೂ ಒಂದು ಸಲ ಇಬ್ಬರಿಗೆ ಒಂದೇ ಸರದಿ ಕೊಟ್ಟು ಹೀಗೇ ತಲೆ ಚಚ್ಚಿಕೊಂಡಿದ್ದನೋ ಏನೋ.

ಅಜ್ಜಿಯ ಪಕ್ಕ ಹೋಗಿ ಕೂತು, ನನ್ನ ಪಟ್ಟಿ ಹಿಡಿದುಕೊಂಡು ಒಂದೊಂದೇ ಗದ್ದೆ ಕೇಳಿದೆ. ಒಂದು ಚೀಟಿ ಇಲ್ಲ, ಪುಸ್ತಕ ಇಲ್ಲ. ಯಾರಿಗೆ ಎಷ್ಟು ನೀರು ಹೋಗಿದೆ, ಯಾರ ಬದುವನ್ನು ಏಡಿ ಕೊರೆದಿದೆ, ಯಾರದು ಮರಳುನೆಲ, ಯಾರದು ಎರೆಮಣ್ಣು, ಎಲ್ಲ ಬಾಯಲ್ಲೇ. ನಲವತ್ತು ಚಿಲ್ಲರೆ ಗದ್ದೆಗಳಲ್ಲಿ ಎರಡನ್ನು ನಾನೇ ತಪ್ಪು ಬರೆದುಕೊಂಡಿದ್ದು ಗೊತ್ತಾಯಿತು.

"ಇಷ್ಟೆಲ್ಲ ಹೆಂಗಜ್ಜಿ ನೆನಪಿಟ್ಕೊತೀಯ?" ಅಂದೆ.

"ನಾನೊಬ್ಳೇ ಅಲ್ವಾ ಮಗ. ಇಬ್ರಿದ್ದಿದ್ರೆ ನೀನು ನೆನಪಿಟ್ಕಂಡಿರ್ತೀಯ ಅಂತ ನಾನು, ನಾನು ಇಟ್ಕಂಡಿರ್ತೀನಿ ಅಂತ ನೀನು, ಇಬ್ರೂ ಮರ್ತು ಕುಂತಿರ್ತಿದ್ವಿ," ಎಂದು ನಕ್ಕಳು. ಆಮೇಲೆ ತೂಬಿನ ಕಂಬ ತೋರಿಸಿದಳು. ಅದರ ಮೈಮೇಲೆ ಅಡ್ಡ ಗೆರೆಗಳು ಕೊರೆದಿದ್ದವು. "ಮೂರು ಗೆರೆ ನೀರಿತ್ತು, ಕೊನೇ ತಂಕ ಮುಟ್ತಿತ್ತು. ಈಗ ಎರಡೈತೆ," ಅಂದಳು.

ಅಜ್ಜಿಯ ಗದ್ದೆಗೆ ಅಂತಲೇ ಉಳಿಯಬೇಕಿದ್ದ ನೀರು ಹೋಗಿತ್ತು ಎಂದು ಅವಳು ಹೇಳಲಿಲ್ಲ. ಲೆಕ್ಕ ನನಗೂ ಬರುತ್ತದೆ. ನಾಚಿಕೆಯಿಂದ ಕುಗ್ಗಿಹೋದೆ.

ಸೋಮವಾರ ಕ್ಲಾಸಿನಲ್ಲಿ ಮೂರನೇ ಬೆಂಚಿನ ಹುಡುಗಿಯನ್ನು ಎಬ್ಬಿಸಿದೆ. ಪಾಪ, ಮತ್ತೆ ಬೈಗುಳ ಅಂದುಕೊಂಡೇ ಎದ್ದು ನಿಂತಳು. "ನೀನು ಕೇಳಿದ್ದೇ ಸರಿಯಾದ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೆ ಸಿಟ್ಟು ಮಾಡಿದೆ. ತಪ್ಪಾಯ್ತು," ಅಂದೆ. ಕ್ಲಾಸಿಗೆ ಕ್ಲಾಸೇ ಕಣ್ಣು ಕಣ್ಣು ಬಿಟ್ಟಿತು. ಬಾಗಿಲಿಗೆ ಬೀಗ ಹಾಕುವ ಪದವನ್ನು ಅವಳ ಕೈಯಲ್ಲೇ ಬೋರ್ಡಿನ ಮೇಲೆ ಬರೆಸಿದೆ. ಒಂದೇ ಒಂದು ಪದ ಸೇರಿಸಿದರೆ ಸಾಕಿತ್ತು.

ಮುಂದಿನ ದಿನಗಳಲ್ಲಿ ಕಾಲೇಜು ಮುಗಿದ ಕೂಡಲೇ ಊರಿಗೆ ಓಡುತ್ತಿದ್ದೆ. ಅಜ್ಜಿಯ ಹಿಂದೆ ಕಾಲುವೆಯುದ್ದಕ್ಕೂ ನಡೆಯುವುದೇ ಕೆಲಸ. ಅವಳು ಗುದ್ದಲಿಯಿಂದ ಒಂದು ಗದ್ದೆಯ ಬಾಯಿ ಮುಚ್ಚುವಳು, ಮುಂದಿನದನ್ನು ತೆರೆಯುವಳು. ಯಾವತ್ತೂ ಎರಡು ಬಾಯಿ ಒಟ್ಟಿಗೆ ತೆರೆದಿದ್ದನ್ನು ನಾನು ನೋಡಲಿಲ್ಲ. ಸಾಹೇಬರ ಗದ್ದೆ ನೆನೆಯಿತು, ಮೇಷ್ಟ್ರದು ನೆನೆಯಿತು. ಪ್ರತಿ ಸಂಜೆ ನಾನು ತೂಬಿನ ಕಂಬದ ಹತ್ತಿರ ಹೋಗಿ ಗೆರೆ ನೋಡುತ್ತಿದ್ದೆ. ಇನ್ನೂ ಸ್ವಲ್ಪ ಉಳಿಯಲಪ್ಪಾ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ.

ಶನಿವಾರ ಮಧ್ಯಾಹ್ನ ಅಜ್ಜಿಯ ಸರದಿ ಬಂತು. ನೀರು ಕಾಲುವೆಯ ಕೊನೆಯ ತಿರುವು ದಾಟಿ ಅವಳ ಗದ್ದೆಯೊಳಗೆ ಹರಿಯಿತು. ಬಿರುಕುಗಳಿಂದ ಗುಳುಗುಳು ಸದ್ದಾಯಿತು. ನನಗೆ ಕುಣಿಯುವಷ್ಟು ಸಂತೋಷ. ನೀರು ತೆವಳುತ್ತ ಗದ್ದೆಯ ನಡುವಿಗೆ ಬಂದ ಹೊತ್ತಿಗೆ, ತೂಬಿನ ಹತ್ತಿರ ನಿಂತಿದ್ದ ಭಾವ ಏರಿಯ ಮೇಲೆ ಬಂದು ಟವೆಲ್ ಬೀಸಿದರು. ನೀರು ಕೊನೆಯ ಗೆರೆಗೆ ಬಂದಿತ್ತು. ಅದರ ಕೆಳಗಿನದು ದನಕರುಗಳ ಪಾಲು, ಬೇಸಗೆಯ ತನಕ.

ಅಜ್ಜಿ ಹಿಡಿ ಎತ್ತಿಕೊಂಡು ಏರಿಯ ಕಡೆ ಹೊರಟಳು. ಭಾವ ಅಡ್ಡ ಬಂದರು. "ಬುಡಜ್ಜಿ, ಇನ್ನರ್ಧ ಗೆರೆ ಹೋಗ್ಲಿ. ತಪ್ಪು ನಮ್ದೇ. ಸಮಿತಿ ಒಪ್ತದೆ, ಯಾರೂ ಕೇಳಕಿಲ್ಲ."

"ಯಾರೂ ಕೇಳದಂಗೆ ನಾನು ಬುಟ್ಕಂಡ್ರೆ, ನಾಳೆ ಆ ಕಲ್ಲಿನ ಮ್ಯಾಲೆ ನಿಂತೋರಿಗೆ ಏನಂತ ಯೋಳ್ಲಪ್ಪ?" ಅಂದು, ಅಜ್ಜಿ ಇಳಿದು ಗೇಟು ಮುಚ್ಚಿದಳು. ಸುತ್ತಿ ಸುತ್ತಿ, ಒಂದು ಹನಿಯೂ ಸೋರದ ಹಾಗೆ ಬಿಗಿ ಮಾಡಿದಳು.

ಅವಳ ಗದ್ದೆಗೆ ಇಬ್ಬರೂ ವಾಪಸು ಬಂದೆವು. ಅರ್ಧ ನೆನೆದಿತ್ತು. ಇನ್ನರ್ಧದ ಪೈರು ಆಗಲೇ ಬಿಳಿಚಿಕೊಂಡಿತ್ತು. ಒಂದು ತೆನೆ ಕಿತ್ತು ಹಿಸುಕಿ ನೋಡಿದೆ, ಹಾಲು ಬರಲಿಲ್ಲ. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಮೂಗು ಒರೆಸಿಕೊಳ್ಳುತ್ತ ಏನೇನೋ ಬಡಬಡಿಸಿದೆ. ಈಗ ಎಲ್ಲ ಸರಿ ಮಾಡಿದೀನಜ್ಜಿ, ಒಳಗೆ ಒಬ್ಬರಿದ್ದಾಗ ಇನ್ನೊಬ್ಬರು ಬರೋಕಾಗಲ್ಲ, ಇನ್ಮೇಲೆ ಎರಡು ಹುಟ್ಟೋದೇ ಇಲ್ಲ, ನಿನ್ನ ಹಾಗೇ ಒಂದೇ ಇರುತ್ತೆ ಅಂದೆ.

ಅಜ್ಜಿ ಕಾಲಿನ ಕೆಸರನ್ನು ಗುದ್ದಲಿಯ ಅಂಚಿಗೆ ಉಜ್ಜುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಕೋಪವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವವಳಂತೆ ಕೇಳಿದಳು.

"ಅದುಕ್ಕೂ ಕೊನೇಲಿ ಒಂದು ಗದ್ದೆ ಐತಾ ಮಗ?"

"ಇಲ್ಲಜ್ಜಿ."

"ಮತ್ತೆ ಕೊನೇ ತಂಕ ನೀರು ಮುಟ್ನಿಲ್ಲ ಅಂತ ಅದುಕ್ಕೆ ಹೆಂಗೆ ಗೊತ್ತಾಯ್ತದೆ?"

ಅಜ್ಜಿ ಗುದ್ದಲಿ ಹೆಗಲಿಗೆ ಹಾಕಿಕೊಂಡು, ಒಣಗಿದ ಅರ್ಧದ ಬದುವಿನ ಮೇಲೆ ನಡೆದು ಮನೆಗೆ ಹೋದಳು.